ಮಾವನಿಗೆ, ವೈಟ್‌ಫೀಲ್ಡ್ ಜಾತ್ರೆಯ ಸುದ್ದಿ

ಬೆಂಗಳೂರು
ಬುಧವಾರ ರಾತ್ರಿ

ಪ್ರೀತಿಯ ಮಾವಾ,

ಮೊನ್ನೆ ಫೋನಿನಲ್ಲಿ "ಅದ್ಯಾವ ದೇವರ ಜಾತ್ರೆನೇ?" ಅಂತ ಕೇಳಿದೆಯಲ್ಲ, ನಗು ತಡೆಯಲಾಗದೆ ಉತ್ತರ ಕೊಡಲಿಲ್ಲ. ನಿನ್ನ ಕಿವಿಗೂ ಈಗ ಫೋನು ಸರಿಹೋಗುವುದಿಲ್ಲ. ನಾನು ಕಾಮಿಕ್ ಕಾನ್ ಅಂದರೆ ನೀನು ಕಾಮಾಕ್ಷಿ ಅಂದುಕೊಂಡು ಅತ್ತೆಗೂ ಹಾಗೇ ಹೇಳಿದ್ದೀಯಂತೆ. ಅದಕ್ಕೇ ಬರೆಯಲು ಕೂತೆ.

ಅಲ್ಲಿ ದೇವರು ಒಬ್ಬರಲ್ಲ, ನೂರಾರು. ಕೈ ರಬ್ಬರಿನ ಹಾಗೆ ಹಿಗ್ಗುವ, ಹುಲ್ಲಿನ ಟೋಪಿಯ ಕಡಲ್ಗಳ್ಳ ಹುಡುಗನೊಬ್ಬ. ಮಣಿಕಟ್ಟಿನಿಂದ ಬಲೆ ಎಸೆಯುವವನೊಬ್ಬ. ಬಾವಲಿ ಮುಸುಕಿನವನೊಬ್ಬ. ಎಲ್ಲ ಚಿತ್ರಕಥೆಗಳಿಂದ, ಸಿನಿಮಾಗಳಿಂದ, ಜಪಾನಿನ ಕಾರ್ಟೂನುಗಳಿಂದ ಎದ್ದು ಬಂದವರು. ಇವರ ಹುಚ್ಚು ಹಿಡಿದವರೆಲ್ಲ ವರ್ಷಕ್ಕೊಮ್ಮೆ ಒಂದು ಕಡೆ ಸೇರುತ್ತಾರೆ. ಇಂಥವುಗಳಲ್ಲಿ ಹೆಸರಾದದ್ದು ಅಮೆರಿಕದ ಸ್ಯಾನ್ ಡಿಯಾಗೋ ಎಂಬ ಊರಿನದ್ದು, 1970ರಲ್ಲಿ ಅಲ್ಲಿನ ಹೋಟೆಲೊಂದರಲ್ಲಿ ಶುರುವಾದದ್ದು. ನಮ್ಮ ದೇಶದಲ್ಲಿ ಕಾಮಿಕ್ ಕಾನ್ ಶುರುವಾದದ್ದು 2011ರಲ್ಲಿ, ದೆಹಲಿಯ ದಿಲ್ಲಿ ಹಾಟ್‌ನಲ್ಲಿ. ಮರುವರ್ಷವೇ ಬೆಂಗಳೂರಿಗೆ ಬಂತು, ಕೋರಮಂಗಲದ ಒಳಾಂಗಣ ಕ್ರೀಡಾಂಗಣಕ್ಕೆ. ಆಮೇಲೆ ವೈಟ್‌ಫೀಲ್ಡ್‌ನ ಕೆಟಿಪಿಒ ಮೈದಾನಕ್ಕೆ ಹೋಯಿತು. ಅದು ಮಾಮೂಲಿ ದಿನಗಳಲ್ಲಿ ಯಂತ್ರಗಳನ್ನೂ ಟೈಲ್ಸನ್ನೂ ಪ್ರದರ್ಶನಕ್ಕಿಡುವ ಜಾಗ. ಶನಿವಾರ, ಭಾನುವಾರ ಅಲ್ಲಿ ನಿಂತಿದ್ದೆ. ಕಾಲು ಇನ್ನೂ ನೋಯುತ್ತಿದೆ.

ನಿನಗೆ ಬೇಕಾದದ್ದು ಇದೆಲ್ಲ ಅಲ್ಲ, ವ್ಯಾಪಾರ ಹೇಗೆ ಅಂತ ತಾನೇ? ಹೇಳುತ್ತೇನೆ.

ಜಾಗ ಎರಡು ಬಗೆ. ದೊಡ್ಡ ಕಂಪನಿಗಳ ಮಳಿಗೆಗಳು ಬಾಗಿಲಿಗೆದುರು, ಝಗಝಗ ದೀಪ, ಮೈಕು, ಟಿ-ಶರ್ಟಿನ ರಾಶಿ. ನಮ್ಮಂಥ ಕೈಯಲ್ಲಿ ಬರೆದು ಮಾರುವವರಿಗೆ ಬೇರೆ ಸಾಲು, ಆರ್ಟಿಸ್ಟ್ ಆಲಿ ಅಂತ. ಒಂದು ಮೇಜು, ಒಂದೆರಡು ಕುರ್ಚಿ, ಬೆನ್ನ ಹಿಂದೆ ಒಂದು ಪರದೆ. ಮೊದಲೇ ನಮ್ಮ ಕೆಲಸದ ಮಾದರಿ ಕಳಿಸಿ ಅರ್ಜಿ ಹಾಕಬೇಕು. ಹಾಗೆ ನೋಡಿದರೆ ನೀನು ಶಿರಸಿ ಜಾತ್ರೆಯಲ್ಲಿ ಅಂಗಡಿ ಜಾಗದ ಹರಾಜಿಗೆ ನಿಲ್ಲುತ್ತಿದ್ದದ್ದೇ ಸಲೀಸು, ಅಲ್ಲಿ ದುಡ್ಡು ಮಾತ್ರ ಕೇಳುತ್ತಿದ್ದರು. ಮೇಜಿನ ಬಾಡಿಗೆ ಎಷ್ಟೆಂದು ಬರೆಯುವುದಿಲ್ಲ, ನೀನು ಬೈಯುತ್ತೀಯ.

ಸರಕು ನಾನೇ ಮಾಡಿದ್ದು. ಚಿತ್ರ ಬರೆದು 300 ಜಿಎಸ್ಎಂ ದಪ್ಪದ ಹಾಳೆಯ ಮೇಲೆ ಅಚ್ಚುಹಾಕಿಸಿದ ಪ್ರಿಂಟುಗಳು, ಸ್ಟಿಕ್ಕರು, ಪುಸ್ತಕದೊಳಗೆ ಇಡುವ ಬುಕ್‌ಮಾರ್ಕು, ಕೀ ಚೈನು. ಇವೆಲ್ಲಕ್ಕಿಂತ ಚೆನ್ನಾಗಿ ಹೋಗುವುದು ಎದೆಗೆ ಚುಚ್ಚಿಕೊಳ್ಳುವ ಬ್ಯಾಡ್ಜು. ಅದನ್ನು ಮನೆಯಲ್ಲೇ ಒತ್ತುತ್ತೇನೆ. ನಿನಗೆ ಕೈಕೆಲಸ ಇಷ್ಟ ಅಲ್ಲವೇ, ಕೇಳು: ಸಣ್ಣ ಬಟ್ಟಲಿನಂಥ ತಗಡು, ಅದರ ಮೇಲೆ ದುಂಡಗೆ ಕತ್ತರಿಸಿದ ಚಿತ್ರ, ಚಿತ್ರದ ಮೇಲೆ ತೆಳ್ಳನೆ ಪ್ಲಾಸ್ಟಿಕ್ ಹಾಳೆ. ಈ ಮೂರನ್ನೂ ಯಂತ್ರದ ಒಂದು ಅಚ್ಚಿನಲ್ಲಿಟ್ಟು ಹಿಡಿ ಒತ್ತಿದರೆ ಮೇಲಿನ ಭಾಗ ಅವನ್ನು ಕಚ್ಚಿ ಎತ್ತಿಕೊಳ್ಳುತ್ತದೆ. ಪಕ್ಕದ ಅಚ್ಚಿನಲ್ಲಿ ಪಿನ್ನಿರುವ ತಗಡನ್ನು ಕವುಚಿಟ್ಟು, ಅದನ್ನು ಅಡಿಗೆ ತಿರುಗಿಸಿ, ಮತ್ತೊಮ್ಮೆ ಒತ್ತಬೇಕು. ಎರಡನೆಯ ಒತ್ತಿಗೆ ಕಟಕ್ ಅಂದರೆ ಆಯಿತು. ಬ್ಯಾಡ್ಜು 58 ಮಿಲಿಮೀಟರಿನದಾದರೆ ಚಿತ್ರವನ್ನು ಸುಮಾರು 70ಕ್ಕೆ ಕತ್ತರಿಸಬೇಕು. ಉಳಿದದ್ದು ಹಿಂದಕ್ಕೆ ಮಡಚಿಕೊಂಡು ಹೋಗುತ್ತದೆ. ಆ ಅಂಚು ಬಿಡದೆ ಬರೆದರೆ ನಾಯಕನ ಅರ್ಧ ಜುಟ್ಟು ಬೆನ್ನ ಹಿಂದೆ. ಅಸಲು ಹತ್ತು-ಹನ್ನೆರಡು ರೂಪಾಯಿ, ಮಾರುವುದು 50ಕ್ಕೆ. ಬಾಯಿ ತೆರೆಯಬೇಡ, ಲೆಕ್ಕ ಆಮೇಲೆ ಕೊಡುತ್ತೇನೆ.

ನಿನ್ನಿಂದ ಕಲಿತದ್ದರಲ್ಲಿ ಅರ್ಧ ಅಲ್ಲಿ ನಡೆಯುತ್ತದೆ, ಅರ್ಧ ತಿರುಗುಮುರುಗು. ಕುರ್ಚಿಯಲ್ಲಿ ಕೂತವನ ಅಂಗಡಿಗೆ ಗಿರಾಕಿ ಬರುವುದಿಲ್ಲ ಅನ್ನುತ್ತಿದ್ದೆಯಲ್ಲ, ಅದು ಅಕ್ಷರಶಃ ನಿಜ. ನಿಂತಿದ್ದಾಗ ನಿಲ್ಲುವ ಜನ ನಾನು ಕೂತ ಕೂಡಲೇ ಮುಂದಿನ ಮೇಜಿಗೆ ಜರುಗುತ್ತಾರೆ. ಗಿರಾಕಿಯ ಮುಖ ನೋಡಬೇಡ, ಅವನ ಕಣ್ಣು ಎಲ್ಲಿದೆ ಅಂತ ನೋಡು ಅಂದದ್ದೂ ನಿಜ. ಆದರೆ ಗಿರಗಿಟ್ಲೆ, ಪೀಪಿಗಳನ್ನು ಮಗುವಿನ ಕಣ್ಣಿನ ಎತ್ತರಕ್ಕೆ ಕಟ್ಟಬೇಕು ಅನ್ನುವ ನಿನ್ನ ಸೂತ್ರ ಅಲ್ಲಿ ನಡೆಯುವುದಿಲ್ಲ. ಅಲ್ಲಿನ ಗಿರಾಕಿ ಹದಿನೇಳರಿಂದ ಇಪ್ಪತ್ತೈದರವರು, ಎದುರಿಗೆ ಮೂರು ಸಾಲು ನಿಂತಿರುತ್ತಾರೆ. ಮೇಜಿನ ಮೇಲೆ ಹರಡಿದ್ದು ಮೊದಲ ಸಾಲಿನವರಿಗಷ್ಟೇ ಕಾಣುತ್ತದೆ. ಹಿಂದಿದ್ದವರನ್ನು ಎಳೆಯಬೇಕಾದರೆ ತಲೆಗಳ ಮೇಲೆ ಕಾಣುವ ಹಾಗೆ ನೇತುಹಾಕಬೇಕು. ಅದಕ್ಕೆ ಕಬ್ಬಿಣದ ಜಾಲರಿ ಚೌಕಟ್ಟು ಒಯ್ಯುತ್ತೇನೆ, ಪ್ಲಾಸ್ಟಿಕ್ ಟ್ಯಾಗಿನಿಂದ ಬಿಗಿದು ನಿಲ್ಲಿಸುತ್ತೇನೆ. ಪ್ರತಿ ಪ್ರಿಂಟಿಗೂ ಒಂದು ನಂಬರು. ಹಿಂದಿನ ಸಾಲಿನಿಂದ "ಅಕ್ಕಾ, ಹನ್ನೆರಡು ಎರಡು ಕೊಡಿ" ಅಂತ ಕೂಗುತ್ತಾರೆ.

ಬೋಣಿಯ ಹುಡುಗನನ್ನು ಮಾತ್ರ ನಿನಗೆ ತೋರಿಸಬೇಕಿತ್ತು. ಕಾಲೇಜಿನವನು, ಬೆನ್ನಿಗೆ ಚೀಲ. ಎಲ್ಲರೂ ಕೈಹಾಕುವ ನಾಯಕರ ಚಿತ್ರಗಳನ್ನೆಲ್ಲ ಬಿಟ್ಟು ಸ್ಟಿಕ್ಕರಿನ ಫೈಲು ತೆಗೆದು ಒಂದೊಂದೇ ಹಾಳೆ ಮಗುಚಿದ. ಕೊನೆಯ ಹಾಳೆಯಲ್ಲಿ ಕೈ ನಿಂತಿತು. ಅಲ್ಲಿದ್ದದ್ದು ಕಥೆಯಲ್ಲಿ ಬಂದು ಹೋಗುವ ಒಬ್ಬ ಅಡುಗೆಯವನು, ಎರಡು ಮಾತು ಆಡುತ್ತಾನೆ, ಅಷ್ಟೇ. ನಾನು ಸುಮ್ಮನೆ ಇಷ್ಟವಾಗಿ ಬರೆದದ್ದು. "ಇವನನ್ನ ಯಾರೂ ಬರೆಯಲ್ಲ ಅಕ್ಕಾ" ಅಂದ. ಮೂರು ತಗೊಂಡ. ಒಂದು ಲ್ಯಾಪ್‌ಟಾಪಿಗೆ, ಒಂದು ಹೆಲ್ಮೆಟ್ಟಿಗೆ, ಇನ್ನೊಂದು ಎಲ್ಲಿಗೂ ಅಂಟಿಸದೆ ಇಟ್ಟುಕೊಳ್ಳಲಿಕ್ಕೆ. ಆಮೇಲೆ ಕಾಲು ಗಂಟೆ ಆ ಅಡುಗೆಯವನ ಬಗ್ಗೆಯೇ ಮಾತಾಡಿದ. ಅವನ ಹಿಂದೆ ಗಿರಾಕಿಗಳು ಕಾಯುತ್ತಿದ್ದರು, ನನಗೂ ನಿಲ್ಲಿಸಲು ಮನಸ್ಸು ಬರಲಿಲ್ಲ. ಆ ಜಾತ್ರೆಯಲ್ಲಿ ಮಾರುವುದು ಕಷ್ಟ ಅನ್ನಿಸುವುದು ಇದಕ್ಕೇ. ಅಲ್ಲಿಗೆ ಬಂದವನಿಗೆ ಕಾಗದದ ಚೂರು ನೆಪ ಮಾತ್ರ. ತನ್ನ ಹುಚ್ಚು ಇನ್ನೊಬ್ಬರಿಗೂ ಇದೆ ಅಂತ ಖಾತ್ರಿ ಮಾಡಿಕೊಳ್ಳಲಿಕ್ಕೆ ಅವನು 50 ರೂಪಾಯಿ ಕೊಡುತ್ತಾನೆ. ನನಗೂ ಆ ಹುಚ್ಚು ನಿಜವಾಗಿ ಇರಬೇಕು, ಜೊತೆಗೆ ಚಿಲ್ಲರೆಯನ್ನೂ ಸರಿಯಾಗಿ ಎಣಿಸಬೇಕು. ಎರಡೂ ಒಟ್ಟಿಗೆ ಸಾಗುವುದಿಲ್ಲ ಮಾವಾ.

ಮಾತಾಡುವುದರಲ್ಲಿ ಒಂದು ಮಡಿ ಇದೆ. ಕೆಲವರು ಕಥೆಯನ್ನು ಪುಸ್ತಕದಲ್ಲಿ ಕೊನೆತನಕ ಓದಿರುತ್ತಾರೆ, ಕೆಲವರು ಟೀವಿಯಲ್ಲಿ ಬಂದಷ್ಟು ನೋಡಿರುತ್ತಾರೆ. ಯಾರು ಸಾಯುತ್ತಾರೆ, ಯಾರು ಯಾರ ಮಗ ಅಂತ ಬಾಯಿತಪ್ಪಿ ಹೇಳಿದರೆ ಮುಗಿಯಿತು. ಅದಕ್ಕೇ ಯಾರಾದರೂ ಒಂದು ಚಿತ್ರ ಎತ್ತಿಕೊಂಡರೆ ಮೊದಲು "ಎಲ್ಲಿವರೆಗೆ ನೋಡಿದ್ದೀರಿ?" ಅಂತ ಕೇಳಬೇಕು, ಆಮೇಲೆ ಬಾಯಿ ಬಿಡಬೇಕು. ಆ ಹುಲ್ಲಿನ ಟೋಪಿಯವನ ಕಥೆ, ಒನ್ ಪೀಸ್ ಅಂತ, 1997ರಿಂದ ಬರುತ್ತಲೇ ಇದೆ, ಇನ್ನೂ ಮುಗಿದಿಲ್ಲ. ಅದನ್ನು ಅರ್ಧ ಓದಿದವರು ಎಷ್ಟು ಹಂತದಲ್ಲಿ ಇರುತ್ತಾರೆ ಲೆಕ್ಕ ಹಾಕು.

ವೇಷ ಹಾಕಿಕೊಂಡು ಬರುವವರಿಗೆ ಕಾಸ್‌ಪ್ಲೇಯರ್ ಅನ್ನುತ್ತಾರೆ. ನೋಡಿದರೆ ನೀನು ಕಣ್ಣು ಮಿಟುಕಿಸುವುದಿಲ್ಲ. ತಿಂಗಳುಗಟ್ಟಲೆ ಕೂತು ಫೋಮ್ ಹಾಳೆ ಕತ್ತರಿಸಿ, ಬಿಸಿ ಮಾಡಿ ಬಾಗಿಸಿ, ಬಣ್ಣ ಬಳಿದು ಕವಚ ಮಾಡಿಕೊಂಡಿರುತ್ತಾರೆ. ದೂರದಿಂದ ಕಬ್ಬಿಣವೇ. ಆದರೆ ಇವರಿಂದ ವ್ಯಾಪಾರ ಕಡಿಮೆ. ಕವಚಕ್ಕೆ ಜೇಬು ಎಲ್ಲಿರುತ್ತದೆ? ಪರ್ಸು, ಫೋನು ಎಲ್ಲ ಜೊತೆಗೆ ಬಂದ ಸ್ನೇಹಿತೆಯ ಹೆಗಲ ಚೀಲದಲ್ಲಿ, ಆ ಸ್ನೇಹಿತೆ ಐಸ್‌ಕ್ರೀಮಿನ ಸಾಲಿನಲ್ಲಿ. ಅವರ ಫೋಟೋ ತೆಗೆಯುವ ಮೊದಲು ಕೇಳಬೇಕು, ಮುಟ್ಟಲಂತೂ ಬಾರದು. ಇದು ಅಲ್ಲಿನ ಶಿಸ್ತು, ಒಳ್ಳೆಯದು. ಮಧ್ಯಾಹ್ನ ಒಬ್ಬಳು ಹುಡುಗಿ ತನಗಿಂತ ಉದ್ದದ ಕತ್ತಿ ಎರಡು ತುಂಡಾಗಿದೆ ಅಂತ ಅಳುಮುಖ ಮಾಡಿಕೊಂಡು ಬಂದಳು. ಇನ್ನರ್ಧ ಗಂಟೆಯಲ್ಲಿ ವೇಷದ ಸ್ಪರ್ಧೆಗೆ ವೇದಿಕೆ ಏರಬೇಕು. ನನ್ನ ಡಬ್ಬದಲ್ಲಿ ಪಿನ್ನು, ದಾರ, ಎರಡು ಬದಿ ಅಂಟುವ ಟೇಪು, ಫೆವಿಕ್ವಿಕ್ ಎಲ್ಲ ಇತ್ತು. ನಿನ್ನ ಬಳೆ ಪೆಟ್ಟಿಗೆಯ ಮೂಲೆಯಲ್ಲಿ ಹೆಂಗಸರಿಗೆ ಅಂತ ಸುಮ್ಮನೆ ಕೊಡುವ ಸೇಫ್ಟಿ ಪಿನ್ನಿನ ಗೊಂಚಲು ಇರುತ್ತಿತ್ತಲ್ಲ, ಅದನ್ನೇ ನೋಡಿ ಕಲಿತದ್ದು. ಕತ್ತಿಯ ಸೀಳಿನೊಳಗೆ ನನ್ನ ಮರದ ಸ್ಕೇಲು ತೂರಿಸಿ ಟೇಪು ಸುತ್ತಿದೆವು. ಪಕ್ಕದ ಮೇಜಿನವರು ಬೆಳ್ಳಿ ಬಣ್ಣದ ಪೆನ್ನು ಕೊಟ್ಟರು. ಬಹುಮಾನ ಬಂತೋ ಇಲ್ಲವೋ ಗೊತ್ತಿಲ್ಲ, ಸ್ಕೇಲಂತೂ ವಾಪಸು ಬರಲಿಲ್ಲ.

ಪಕ್ಕದ ಮೇಜಿನವರು ಅಂದೆನಲ್ಲ, ಅವರಿಲ್ಲದೆ ಅಲ್ಲಿ ಬದುಕು ಇಲ್ಲ. ಬಾತ್‌ರೂಮಿಗೆ ಹೋಗಬೇಕಾದರೂ ಅವರಿಗೆ ಅಂಗಡಿ ವಹಿಸಿ ಹೋಗಬೇಕು. ನಾನು ಬರುವಷ್ಟರಲ್ಲಿ ನನ್ನ ಎರಡು ಸ್ಟಿಕ್ಕರು ಅವರೇ ಮಾರಿರುತ್ತಾರೆ.

ದುಡ್ಡು ಈಗ ಕೈಗೆ ಬರುವುದಿಲ್ಲ, ಫೋನಿಗೆ ಬರುತ್ತದೆ. ಆ ಜನಸಂದಣಿಯಲ್ಲಿ ನೆಟ್‌ವರ್ಕು ಸಾಯುತ್ತದೆ. ಗಿರಾಕಿಯ ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇರುತ್ತದೆ, ನನ್ನ ಪೆಟ್ಟಿಗೆ "ಸ್ವೀಕರಿಸಲಾಗಿದೆ" ಅಂತ ಕೂಗುವುದೇ ಇಲ್ಲ. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಾ ನಿಲ್ಲಬೇಕು. ಎರಡು ಬೇರೆ ಕಂಪನಿಯ ಸಿಮ್ ಇಟ್ಟುಕೊಂಡಿದ್ದೇನೆ, ಒಂದು ಸತ್ತರೆ ಇನ್ನೊಂದು. "ಹೋಗಿದೆ ನೋಡಿ" ಅಂತ ಹಳೆಯ ಸ್ಕ್ರೀನ್‌ಶಾಟು ತೋರಿಸಿ ಜಾರುವವರೂ ಇದ್ದಾರೆ. ಖೋಟಾ ನೋಟನ್ನು ನೀನು ಬೆರಳಿನಲ್ಲೇ ಹಿಡಿಯುತ್ತಿದ್ದೆ. ನಾನು ಪರದೆಯ ಮೇಲಿನ ಸಮಯ ನೋಡಿ ಹಿಡಿಯುತ್ತೇನೆ.

ಈಗ ಮನಸ್ಸಿನಲ್ಲಿ ಕೊರೆಯುತ್ತಿರುವ ವಿಷಯಕ್ಕೆ ಬರುತ್ತೇನೆ. ನಾನು ಮಾರುವುದರಲ್ಲಿ ಮುಕ್ಕಾಲು ಪಾಲು ಬೇರೆಯವರು ಹುಟ್ಟಿಸಿದ ಪಾತ್ರಗಳು. ಚಿತ್ರ ನನ್ನದು, ಪಾತ್ರ ಜಪಾನಿನ ಯಾರದ್ದೋ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಬರೆದವರು ತೀರಿಕೊಂಡು 60 ವರ್ಷ ಆಗುವವರೆಗೆ ಹಕ್ಕು ಅವರದ್ದು, ಅವರ ವಾರಸುದಾರರದ್ದು. ಲೆಕ್ಕಕ್ಕೆ ಅನುಮತಿ ಕೇಳಬೇಕು. ನಮ್ಮಂಥ ಮೇಜಿನವರು ಯಾರೂ ಕೇಳುವುದಿಲ್ಲ, ಅಷ್ಟು ದೊಡ್ಡವರು ಇಷ್ಟು ಸಣ್ಣವರ ತಂಟೆಗೆ ಬರುವುದೂ ಅಪರೂಪ. ಜಪಾನಿನಲ್ಲೇ ಇದಕ್ಕೊಂದು ದೊಡ್ಡ ಸಂತೆ ಇದೆ, ಕಾಮಿಕೆಟ್ ಅಂತ. 1975ರ ಡಿಸೆಂಬರಿನಲ್ಲಿ ಟೋಕಿಯೊದಲ್ಲಿ 32 ಗುಂಪುಗಳು, 700ರಷ್ಟು ಜನ ಸೇರಿ ಶುರುಮಾಡಿದ್ದು, ಈಗ ಲಕ್ಷಗಟ್ಟಲೆ ಸೇರುತ್ತಾರೆ. ಅಭಿಮಾನಿಗಳೇ ಬರೆದು ಅಚ್ಚುಹಾಕಿಸಿದ ಪುಸ್ತಕಗಳನ್ನು ಅಲ್ಲಿ ತಾವೇ ಕೂತು ಮಾರುತ್ತಾರೆ, ಪ್ರಕಾಶಕರು ಬಹುಮಟ್ಟಿಗೆ ಕಂಡೂ ಕಾಣದಂತೆ ಇರುತ್ತಾರೆ. ಅಲ್ಲಿ ಗಿರಾಕಿ ಅನ್ನುವವರೇ ಇಲ್ಲವಂತೆ, ಕೊಳ್ಳುವವರೂ ಮಾರುವವರೂ ಎಲ್ಲ ಭಾಗವಹಿಸುವವರು ಅನ್ನುವುದು ಆ ಸಂತೆಯ ಆದರ್ಶ. ನೀನಾಗಿದ್ದರೆ "ಹಾಗಾದರೆ ಬಾಡಿಗೆಯಲ್ಲೂ ಭಾಗವಹಿಸಲಿ" ಅನ್ನುತ್ತಿದ್ದೆ. ಹಾಗೆ ಬೇರೆಯವರ ಪಾತ್ರಗಳನ್ನು ಬರೆಯುತ್ತಲೇ ಕೈ ಪಳಗಿಸಿಕೊಂಡು ಸ್ವಂತ ಕಥೆಗೆ ಬಂದವರಿದ್ದಾರೆ, ಕ್ಲ್ಯಾಂಪ್ ಎಂಬ ಹೆಣ್ಣುಮಕ್ಕಳ ಗುಂಪು ಹಾಗೆಯೇ ಹೆಸರಾದದ್ದು. ಅದನ್ನು ನೆನೆದು ನಾನು ಸಮಾಧಾನ ಮಾಡಿಕೊಳ್ಳುತ್ತೇನೆ. ಆದರೆ ನಮ್ಮದೇ ಸಾಲಿನಲ್ಲಿ ಒಬ್ಬಾತ ಇಂಟರ್‌ನೆಟ್ಟಿನಿಂದ ಇಳಿಸಿಕೊಂಡ ಚಿತ್ರಗಳನ್ನೇ ದೊಡ್ಡದು ಮಾಡಿ ನೇತುಹಾಕಿದ್ದ, ನಮಗಿಂತ ಅಗ್ಗಕ್ಕೆ. ಮೂಗಿನ ಅಂಚೆಲ್ಲ ಒಡೆದು ಚೌಕ ಚೌಕವಾಗಿ ಕಾಣುತ್ತಿತ್ತು. ಅದನ್ನು ನಾನು ವ್ಯಾಪಾರ ಅನ್ನುವುದಿಲ್ಲ. ಕೈಯಿಂದ ಬರೆದವಳಿಗೂ ಕದ್ದು ಒತ್ತಿದವನಿಗೂ ಕಾನೂನು ಒಂದೇ ಇರಬಹುದು, ನನ್ನ ಕಣ್ಣಿಗೆ ಒಂದೇ ಅಲ್ಲ.

ಈ ಸಲ ಒಂದು ಸ್ವಂತದ್ದೂ ಒಯ್ದಿದ್ದೆ. ಮಹಿಷಾಸುರ. ಯಕ್ಷಗಾನ ಮೇಳದವರ ದೇವಿ ಮಹಾತ್ಮೆಯಲ್ಲಿ ಅವನು ರಂಗಸ್ಥಳಕ್ಕೆ ನೇರ ಬರದೆ ಜನರ ನಡುವಿಂದ ಕೂಗಿಕೊಂಡು, ದೊಂದಿ ಹಿಡಿದು, ರಾಳ ಎರಚಿ ಬೆಂಕಿ ಎಬ್ಬಿಸುತ್ತಾ ಬರುತ್ತಿದ್ದನಲ್ಲ, ನಾನು ನಿನ್ನ ಟಾರ್ಪಾಲಿನ ಒಳಗೆ ನುಗ್ಗಿಬಿಡುತ್ತಿದ್ದೆನಲ್ಲ, ಅದೇ. ಹಿನ್ನೆಲೆ ಪೂರಾ ಕಪ್ಪು. ಬೆಂಕಿಯ ಬೆಳಕು ಕೆಳಗಿನಿಂದ ಬಿದ್ದು ಕೋಡಿನ ಒಳಬದಿ ಮಾತ್ರ ಕೆಂಪಗೆ. ಮೂಲೆಯಲ್ಲಿ ಹಾದಿ ಬಿಟ್ಟು ಹಿಂದೆ ಸರಿಯುತ್ತಿರುವ ಜನರ ಕಾಲುಗಳು. ಗೆರೆಗಳನ್ನು ಜಪಾನಿ ಚಿತ್ರಕಥೆಯ ರೀತಿಯಲ್ಲೇ ಎಳೆದಿದ್ದೇನೆ, ವೇಗ ತೋರಿಸುವ ಗೀಟುಗಳ ಸಮೇತ.

ಒಬ್ಬ ಹುಡುಗ ಬಂದು, "ಯಾವ ಅನಿಮೆ ಅಕ್ಕಾ ಇದು?" ಅಂದ.

"ದೇವಿ ಮಹಾತ್ಮೆ" ಅಂದೆ.

"ಕೇಳಿಲ್ವಲ್ಲ. ಸೀಸನ್ ಯಾವಾಗ ಬರುತ್ತೆ?"

"ದೀಪಾವಳಿ ಕಳೆದ ಮೇಲೆ ಶುರು, ಪತ್ತನಾಜೆಗೆ ಮುಗಿಯುತ್ತೆ. ಪ್ರತಿ ವರ್ಷ."

ಅವನು ಫೋನು ತೆಗೆದು ಹುಡುಕಲು ಹೊರಟ, ನೆಟ್‌ವರ್ಕು ಇರಲಿಲ್ಲ. ನಾನೇ ಕೂತು ಹೇಳಿದೆ, ಅಂದರೆ ನಿಂತು ಹೇಳಿದೆ. ರಾಳ ಅಂದರೇನು, ದೊಂದಿ ಅಂದರೇನು, ಬೆಳಗಿನ ಜಾವದವರೆಗೆ ಜನ ಯಾಕೆ ಕೂತಿರುತ್ತಾರೆ. ಕೊಂಡ. 200 ರೂಪಾಯಿ, ಚೌಕಾಸಿ ಮಾಡಲಿಲ್ಲ.

ಹಾಗಂತ ಮಹಿಷ ರಾಶಿ ರಾಶಿ ಹೋದ ಅಂದುಕೊಳ್ಳಬೇಡ. ತಂದದ್ದರಲ್ಲಿ ಹೆಚ್ಚುಪಾಲು ವಾಪಸು ಮನೆಗೆ ಬಂದಿದೆ. ಗೊತ್ತಿರುವ ಮುಖಕ್ಕೆ ಗಿರಾಕಿ ತಾನಾಗಿ ಬರುತ್ತಾನೆ, ಗೊತ್ತಿಲ್ಲದ ಮುಖವನ್ನು ಪರಿಚಯ ಮಾಡಿಕೊಟ್ಟೇ ಮಾರಬೇಕು. ಒಂದು ಮಹಿಷ ಮಾರುವ ಹೊತ್ತಿಗೆ ಹತ್ತು ಬ್ಯಾಡ್ಜು ಮಾರಬಹುದು. ಪುರಾಣವನ್ನು ಚಿತ್ರಕಥೆ ಮಾಡಿದರೆ ಓಡುತ್ತದೆ ಅಂತ ನಮ್ಮ ಕಾರ್ಕಳದ ಅನಂತ ಪೈಗಳು 1967ರಲ್ಲಿ ಅಮರ ಚಿತ್ರ ಕಥೆ ಶುರುಮಾಡಿ ತೋರಿಸಿಕೊಟ್ಟರು, ನಿಜ. ಆದರೆ ಅವರಿಗೆ ಮಕ್ಕಳು ಸಿಕ್ಕರು. ನನಗೆ ಸಿಗುವವರು ಇನ್ಯಾರದ್ದೋ ಮೇಲೆ ಆಗಲೇ ಮನಸ್ಸಿಟ್ಟು ಬಂದವರು.

ಅಪ್ಪಂದಿರ ವಿಷಯ ಬಿಟ್ಟೇಹೋಗಿತ್ತು. ಮಕ್ಕಳನ್ನು ಕರೆತಂದ ಅಪ್ಪಂದಿರು ಚೀಲ ಹೊತ್ತು ಗೋಡೆ ಪಕ್ಕ ನಿಂತಿರುತ್ತಾರೆ. ಒಬ್ಬರು ಮಗಳಿಗೆ, "ಇದನ್ನೇನು ಕೊಳ್ಳೋದು, ಆಫೀಸಿನಲ್ಲಿ ಪ್ರಿಂಟ್ ತೆಗೆದುಕೊಂಡು ಬರ್ತೀನಿ ಬಿಡು" ಅಂದರು, ನನ್ನೆದುರಿಗೇ. ನಾನು ಸುಮ್ಮನಿದ್ದೆ. ಸ್ವಲ್ಪ ಹೊತ್ತಿಗೆ ಮೇಜಿನ ಹತ್ತಿರ ಬಂದು ಮೆಲ್ಲಗೆ, "ಡಿಂಗ ಇಲ್ಲವೇನಮ್ಮಾ?" ಅಂತ ಕೇಳಿದರು. ಬಾಲಮಂಗಳದ ಡಿಂಗ! ಬಸ್‌ಸ್ಟ್ಯಾಂಡಿನ ಅಂಗಡಿಗೆ ಪುಸ್ತಕ ಬರುವ ದಿನ ಕಾಯುತ್ತಿದ್ದದ್ದು, ತಮ್ಮನ ಜೊತೆ ಯಾರು ಮೊದಲು ಓದಬೇಕು ಅಂತ ಹೊಡೆದಾಡಿದ್ದು ಎಲ್ಲ ಹೇಳಿದರು. ಮಗಳು ಬಾಯಿ ಬಿಟ್ಟುಕೊಂಡು ಅಪ್ಪನನ್ನೇ ನೋಡುತ್ತಿದ್ದಳು. ಕೊನೆಗೆ ಅವಳು ಕೇಳಿದ ಎರಡು ಪ್ರಿಂಟಿನ ಜೊತೆ ಮಹಿಷನನ್ನೂ ಕೊಂಡು ಹೋದರು, ಆಫೀಸಿನ ಪ್ರಿಂಟರಿನ ಮಾತು ಎತ್ತಲಿಲ್ಲ.

ಲೆಕ್ಕ. ಮೇಜಿನ ಬಾಡಿಗೆ, ಅಚ್ಚಿನ ಖರ್ಚು, ಸಾಮಾನು ಸಾಗಿಸಿದ ಟೆಂಪೋ, ಎರಡು ದಿನದ ಊಟ ಕಳೆದು ಕೈಯಲ್ಲಿ ಉಳಿದದ್ದು ಒಂದು ತಿಂಗಳ ಮನೆ ಬಾಡಿಗೆಗಿಂತ ಸ್ವಲ್ಪ ಹೆಚ್ಚು. ಬರೆಯಲು ಕೂತ ರಾತ್ರಿಗಳನ್ನು ಲೆಕ್ಕಕ್ಕೆ ಹಿಡಿದರೆ ಏನೂ ಉಳಿಯಲಿಲ್ಲ, ಹಿಡಿಯದಿದ್ದರೆ ಲಾಭ. ನೀನು ನಿನ್ನ ನಡಿಗೆಯನ್ನು ಯಾವತ್ತೂ ಲೆಕ್ಕಕ್ಕೆ ಹಿಡಿದವನಲ್ಲ, ನಾನೂ ಹಿಡಿಯಲಿಲ್ಲ.

ಒಂದು ಕೇಳಬೇಕು. ತೀರ್ಥಹಳ್ಳಿ ಎಳ್ಳಮಾವಾಸ್ಯೆ ಜಾತ್ರೆಯಲ್ಲಿ ನೀನು ಪ್ಲಾಸ್ಟಿಕ್ ಪೀಪಿ, ಬಲೂನು ಮಾರಿ ದುಡಿಯುತ್ತಿದ್ದೆ. ಆದರೂ ಚನ್ನಪಟ್ಟಣದ ಅರಗಿನ ಬಣ್ಣದ ಬುಗುರಿ, ಗೊಂಬೆಗಳನ್ನು ತಂದು ಮುಂದಿನ ತಟ್ಟೆಯಲ್ಲೇ ಇಡುತ್ತಿದ್ದೆ. ದಿನಕ್ಕೆ ನಾಲ್ಕು ಹೋದರೆ ಹೆಚ್ಚು. ಅತ್ತೆ "ಆ ತಟ್ಟೆ ಹಿಂದಿಡಿ, ಜಾಗ ತಿನ್ನುತ್ತೆ" ಅಂದರೂ ಸರಿಸುತ್ತಿರಲಿಲ್ಲ. ಯಾಕೆ ಅಂತ ನಾನು ಆಗ ಕೇಳಲಿಲ್ಲ. ಮುಂದಿನ ವರ್ಷ ಮಹಿಷನನ್ನು ಜಾಲರಿಯ ಮೇಲಿನ ಸಾಲಿಗೆ ಏರಿಸಬೇಕು ಅಂದುಕೊಂಡಿದ್ದೇನೆ, ಜೊತೆಗೆ ಶುಂಭ, ನಿಶುಂಭ, ರಕ್ತಬೀಜರನ್ನೂ ಬರೆದು. ಹುಲ್ಲಿನ ಟೋಪಿಯವನು ಕೆಳಗೆ ಮೇಜಿನ ಮೇಲೆ ಇರಲಿ, ಅವನನ್ನು ಹುಡುಕಿಕೊಂಡು ಹೇಗೂ ಬರುತ್ತಾರೆ. ಇದು ಬುದ್ಧಿವಂತಿಕೆಯೋ ಹಟವೋ, ನೀನು ಹೇಳಬೇಕು. ಅತ್ತೆಯನ್ನು ಕೇಳಿಕೊಂಡು ಬರೆಯಬೇಡ.

ಇನ್ನೊಂದು ಕೆಲಸ. ಅಟ್ಟದ ಮೇಲೆ ನಿನ್ನ ಸರ ನೇತುಹಾಕುವ ಕಬ್ಬಿಣದ ಕೊಕ್ಕೆಗಳ ಡಬ್ಬ ಇದೆಯಲ್ಲ, ಅದನ್ನು ಯಾರ ಕೈಯಲ್ಲಾದರೂ ರಾತ್ರಿ ಬಸ್ಸಿಗೆ ಹಾಕಿಸು. ಇಲ್ಲಿ ಸಿಗುವ ಕೊಕ್ಕೆಗಳು ದೊಡ್ಡ ಪ್ರಿಂಟಿನ ಭಾರಕ್ಕೆ ಬಾಯಿ ಬಿಡುತ್ತವೆ. ಬಸ್ಸಿನ ನಂಬರು ಬರೆದು ಕಳಿಸಿದರೆ ಬೆಳಿಗ್ಗೆ ಮೆಜೆಸ್ಟಿಕ್ಕಿಗೆ ಹೋಗಿ ಇಳಿಸಿಕೊಳ್ಳುತ್ತೇನೆ, ಕಂಡಕ್ಟರಿಗೆ ಕೊಡುವ ದುಡ್ಡು ನಾನೇ ಕೊಡುತ್ತೇನೆ. ಡಬ್ಬದಲ್ಲಿ ಜಾಗ ಉಳಿದರೆ ಹಲಸಿನ ಹಪ್ಪಳ.

ನಿನ್ನ ಸೊಸೆ